ಭೂತಾಯಿ ಮೀನು, ಮೂರು ನೋಟ್‌ಬುಕ್ಕು

ಸಕಲೇಶಪುರ

ಪ್ರೀತಿಯ ಗೆಳೆಯಾ,

ಮೊನ್ನೆ ಹೂಮಳೆ ಚೆನ್ನಾಗಿ ಬಿತ್ತು. ತೋಟದ ತುಂಬ ಕಾಫಿ ಹೂವಿನ ಘಮ. ಆದರೆ ನಾನು ಬರೆಯಲು ಕೂತಿದ್ದು ಮೀನಿನ ದೆಸೆಯಿಂದ.

ಬೆಳಿಗ್ಗೆ ಮೀನಿನವನು ಹಾರ್ನ್ ಹೊಡೆಯುತ್ತಾ ಬಂದ. ಶಿರಾಡಿ ಘಾಟಿ ಹತ್ತಿ ಬಂದ ಭೂತಾಯಿ. ಪೆಟ್ಟಿಗೆ ಮುಚ್ಚಳ ತೆಗೆದರೆ ಐಸಿನ ಪುಡಿಯೊಳಗೆ ಸಾಲಾಗಿ ಮಲಗಿದ್ದವು, ಕಣ್ಣು ಬಿಟ್ಟುಕೊಂಡೇ. ಅರ್ಧ ಕೇಜಿ ತೂಗಿಸಿಕೊಂಡು ಒಳಗೆ ಬಂದವನು ಪಾತ್ರೆ ಹಿಡಿದು ಸುಮ್ನೆ ನಿಂತುಬಿಟ್ಟೆ. ಕನೆಕೊ ಮಿಸುಝು ನೆನಪಾದಳು.

ಜಪಾನಿನ ಕವಿ. ಮಕ್ಕಳಿಗಾಗಿ ಬರೆದವಳು. ಇದೇ ಭೂತಾಯಿಯ ಮೇಲೆ ಅವಳದ್ದೊಂದು ಪುಟ್ಟ ಕವಿತೆ ಇದೆ. ಬೆಳಗಿನ ಹೊತ್ತು, ಬಲೆ ತುಂಬ ಮೀನು, ದಡದಲ್ಲಿ ಜಾತ್ರೆಯ ಗದ್ದಲ. ಸಮುದ್ರದೊಳಗೆ ಮಾತ್ರ ಸಾವಿರ ಸಾವಿರ ಮೀನುಗಳ ಸಾವಿನ ಮನೆ. ಅಷ್ಟೇ ಕವಿತೆ. ಯಾರನ್ನೂ ಬೈಯುವುದಿಲ್ಲ, ಮೀನು ತಿನ್ನಬೇಡಿ ಅನ್ನುವುದಿಲ್ಲ. ಅವಳು ಹುಟ್ಟಿದ್ದೇ ಸೆನ್‌ಝಾಕಿ ಎಂಬ ಮೀನುಗಾರರ ಊರಿನಲ್ಲಿ, 1903ರಲ್ಲಿ. ಇನ್ನೊಂದು ಕವಿತೆಯಲ್ಲಿ ರಾಶಿ ಬಿದ್ದ ಹಿಮ ನೋಡುತ್ತಾಳೆ. ಮೇಲಿನ ಹಿಮಕ್ಕೆ ಚಳಿ, ಕೆಳಗಿನದಕ್ಕೆ ಭಾರ. ನಡುವಿನ ಹಿಮಕ್ಕೆ ಆಕಾಶವೂ ಕಾಣಿಸುವುದಿಲ್ಲ, ನೆಲವೂ ಕಾಣಿಸುವುದಿಲ್ಲ, ಎಷ್ಟು ಬೇಜಾರೋ ಅನ್ನುತ್ತಾಳೆ. ನಡುವಿನ ಹಿಮದ ಬಗ್ಗೆ ಯಾರು ಯೋಚನೆ ಮಾಡುತ್ತಾರೆ ಹೇಳು?

ಅವಳು ಚಿಕ್ಕವಳಿದ್ದಾಗಲೇ ಅಪ್ಪ ಹೋದರು. ತಮ್ಮನನ್ನು ಚಿಕ್ಕಮ್ಮನ ಮನೆಗೆ ದತ್ತು ಕೊಟ್ಟರು. 20ರ ವಯಸ್ಸಿಗೆ ಶಿಮೊನೊಸೆಕಿಯ ಪುಸ್ತಕದಂಗಡಿಯಲ್ಲಿ ಕೆಲಸಕ್ಕೆ ನಿಂತಳು. ಅಲ್ಲಿಂದಲೇ ಕವಿತೆ ಕಳಿಸಿದಳು. 1923ರಲ್ಲಿ ಒಂದೇ ತಿಂಗಳಲ್ಲಿ ನಾಲ್ಕು ಪತ್ರಿಕೆಗಳು ಅಚ್ಚು ಹಾಕಿದವು! ಸೈಜೊ ಯಾಸೊ ಎಂಬ ದೊಡ್ಡ ಕವಿ ಬಾಯ್ತುಂಬ ಹೊಗಳಿದ.

1926ರಲ್ಲಿ ಅದೇ ಅಂಗಡಿಯ ಗುಮಾಸ್ತನ ಜೊತೆ ಮದುವೆಯಾಯಿತು. ಅವನು ಹೊರಗಿನ ಸಹವಾಸದಿಂದ ತಂದ ಕಾಯಿಲೆ ಅವಳಿಗೂ ಅಂಟಿತು. ಬರೆಯಬೇಡ ಅಂದ. ಅವಳು ಏನು ಮಾಡಿದಳು ಗೊತ್ತಾ? ಅಷ್ಟೂ ಕವಿತೆಗಳನ್ನು, ಒಟ್ಟು 512, ಮೂರು ಪುಟ್ಟ ನೋಟ್‌ಬುಕ್ಕುಗಳಲ್ಲಿ ಕೈಯಾರೆ ನಕಲು ಮಾಡಿದಳು. ಮೂರೂ ಸೇರಿದ ಒಂದು ಪ್ರತಿ ಸೈಜೊಗೆ, ಅಂಥದ್ದೇ ಇನ್ನೊಂದು ತಮ್ಮನಿಗೆ. ಆಮೇಲೆ ಬೇರೊಂದು ಪುಸ್ತಕ ತೆಗೆದು, ಮೂರು ವರ್ಷದ ಮಗಳ ತೊದಲು ಮಾತುಗಳನ್ನು ಬರೆದಿಡತೊಡಗಿದಳು. ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಅದು. ತನ್ನ ಮಾತು ನಿಂತಿತು, ಮಗುವಿನ ಮಾತನ್ನು ಹೋಗಗೊಡಲಿಲ್ಲ.

ಗಂಡನನ್ನು ಬಿಟ್ಟು ಬಂದಾಗ, ಮಗಳು ನನಗೆ ಬೇಕು ಅಂತ ಅವನು ಹಟ ಹಿಡಿದ. ಆಗಿನ ಕಾನೂನು ಅಪ್ಪನ ಕಡೆಗಿತ್ತು. ಮಗಳನ್ನು ನನ್ನಮ್ಮನೇ ಸಾಕಲಿ ಅಂತ ಕಾಗದ ಬರೆದಿಟ್ಟು, 1930ರ ಮಾರ್ಚ್ 10ರಂದು ಪ್ರಾಣ ಬಿಟ್ಟಳು. 26 ವರ್ಷ ಕಣೋ. ಮಗಳು ಅಜ್ಜಿಯ ಹತ್ತಿರವೇ ಬೆಳೆದಳು.

ಆಮೇಲೆ ಅವಳನ್ನು ಮರೆತೇಬಿಟ್ಟರು. 1966ರಲ್ಲಿ ಯಾಝಾಕಿ ಸೆತ್ಸುವೊ ಎಂಬ ವಿದ್ಯಾರ್ಥಿ ಆ ಭೂತಾಯಿ ಕವಿತೆ ಓದಿದ. ಬರೆದವಳು ಯಾರು ಅಂತ 16 ವರ್ಷ ಹುಡುಕಿದ. ಕೊನೆಗೆ 1982ರಲ್ಲಿ ತಮ್ಮನ ಮನೆ ಸಿಕ್ಕಿತು. ತಮ್ಮನಿಗೆ ಆಗಲೇ ಎಪ್ಪತ್ತು ದಾಟಿತ್ತು. ನೋಟ್‌ಬುಕ್ಕು ಮೂರೂ ಹಾಗೇ ಇದ್ದವು. ಇವತ್ತು ಜಪಾನಿನ ಮಕ್ಕಳು ಅವಳನ್ನು ಶಾಲೆಯ ಪಾಠದಲ್ಲಿ ಓದುತ್ತಾರೆ.

ನಮ್ಮ ಅತ್ತೆ ಗೊತ್ತಲ್ಲ, ಸುತ್ತ ಹತ್ತೂರಿನ ಮದುವೆಗೆ ಸೋಬಾನೆ ಹೇಳಲು ಕರೆಸುತ್ತಿದ್ದರು. ತೋಟದ ಲೆಕ್ಕದ ಹಳೇ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಪೆನ್ಸಿಲಿನಲ್ಲಿ ಪದ ಬರೆದುಕೊಳ್ಳುತ್ತಿದ್ದರು. ಹಸೆಗೆ ಕರೆಯುವ ಪದ, ಹೆಣ್ಣು ಒಪ್ಪಿಸುವ ಪದ, ತಾವೇ ಕಟ್ಟಿದ್ದೂ ಕೆಲವು. ಅವರು ತೀರಿಹೋದ ವರ್ಷ ಹಳೇ ಮನೆ ಬಿಚ್ಚಿದೆವು. ರದ್ದಿ ಕಾಗದದ ಜೊತೆ ಆ ಪುಸ್ತಕ ಬಚ್ಚಲು ಮನೆಯ ಒಲೆಗೆ ಹೋಯಿತು. ಅವತ್ತು ಹಂಡೆಗೆ ಉರಿ ಹಾಕಿದವನು ನಾನೇ. ಒಂದು ಪದದ ಎರಡು ಸಾಲು ಬಿಟ್ಟರೆ ಈಗ ನನಗೆ ಏನೂ ನೆನಪಿಲ್ಲ.

ಅರೇಹಳ್ಳಿಯಲ್ಲಿ ನಿಮ್ಮಮ್ಮನ ಟ್ರಂಕಿನಲ್ಲಿ ಒಂದು ಹಾಡಿನ ಪುಸ್ತಕ ಇದೆ, ನೀಲಿ ರಟ್ಟಿನದ್ದು. ನಿನ್ನ ಮದುವೆಯಲ್ಲಿ ಅದನ್ನು ನೋಡಿಕೊಂಡೇ ಹಾಡಿದ್ದರು. ಅದಕ್ಕೆ ಗೆದ್ದಲು ಹತ್ತುವ ಮೊದಲು ನಕಲು ಮಾಡಬೇಕು. ನೀನು ಬೆಂಗಳೂರಿನಿಂದ ಬರುವವರೆಗೆ ಕಾಯುವುದು ಬೇಡ. ಮುಂದಿನ ಭಾನುವಾರ ನಾನೇ ಹೋಗುತ್ತೇನೆ. ಅಮ್ಮನಿಗೆ ಒಂದು ಫೋನ್ ಮಾಡಿ ಹೇಳಿಬಿಡು, ಆಯ್ತಾ?

ನಿನ್ನ ಗೆಳೆಯ