ಬ್ರಿಟನ್ ಚುನಾವಣೆ: ಶೇಕಡಾವಾರು ಬದಿಗಿಟ್ಟು ಕ್ಷೇತ್ರ ನೋಡಿ

ಮಾನ್ಯ ಸಂಪಾದಕರೇ,

ಬ್ರಿಟನ್ನಿನ ಮುಂದಿನ ಸಾರ್ವತ್ರಿಕ ಚುನಾವಣೆಯ ಮಾತು ಬಂದಾಗಲೆಲ್ಲ ಚರ್ಚೆ ಒಂದೇ ಜಾಡು ಹಿಡಿಯುತ್ತದೆ. ಯಾವುದೋ ಸಮೀಕ್ಷೆಯಲ್ಲಿ ರಿಫಾರ್ಮ್ ಯುಕೆ ಪಕ್ಷ ಮುಂದಿದೆ, ಹಾಗಾದರೆ ಅದರ ನಾಯಕ ನೈಜೆಲ್ ಫರಾಜ್ ಪ್ರಧಾನಿ ಆದಂತೆಯೇ ಎನ್ನುವವರು ಒಂದು ಕಡೆ. ಕಳೆದ ಸಲ ಐದೇ ಸೀಟು ಗೆದ್ದ ಪಕ್ಷ, ಅದರ ಮಾತೇಕೆ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಎಡವುವುದು ಒಂದೇ ಜಾಗದಲ್ಲಿ. ಅಲ್ಲಿ ನಡೆಯುವುದು ಒಂದು ಚುನಾವಣೆಯಲ್ಲ. ಒಂದೇ ದಿನ ನಡೆಯುವ 650 ಬಿಡಿಬಿಡಿ ಚುನಾವಣೆಗಳು. ಇಂಗ್ಲೆಂಡಿನಲ್ಲಿ 543, ಸ್ಕಾಟ್ಲೆಂಡಿನಲ್ಲಿ 57, ವೇಲ್ಸ್‌ನಲ್ಲಿ 32, ಉತ್ತರ ಐರ್ಲೆಂಡಿನಲ್ಲಿ 18. (ಇಂಗ್ಲೆಂಡಿನ ಆ 543, ನಮ್ಮ ಲೋಕಸಭೆಯ ಸಂಖ್ಯೆಯೇ. ಕಾಕತಾಳೀಯ, ಆದರೆ ನೆನಪಿಟ್ಟುಕೊಳ್ಳಲು ಸುಲಭ.) ಪ್ರತಿ ಕ್ಷೇತ್ರದಲ್ಲೂ ಎಲ್ಲರಿಗಿಂತ ಒಂದು ಮತ ಹೆಚ್ಚು ಪಡೆದವರು ಗೆದ್ದರು, ಉಳಿದ ಮತಗಳೆಲ್ಲ ಅಲ್ಲಿಗೇ ಮುಗಿದವು.

2024ರ ಜುಲೈ 4ರ ಫಲಿತಾಂಶವನ್ನೇ ತೆಗೆದುಕೊಳ್ಳಿ. ಲೇಬರ್‌ಗೆ ಬಿದ್ದದ್ದು ಶೇ 33.7 ಮತ, ಸಿಕ್ಕಿದ್ದು 411 ಸೀಟು. ಕನ್ಸರ್ವೇಟಿವ್‌ಗೆ ಶೇ 23.7, ಸೀಟು 121. ರಿಫಾರ್ಮ್‌ಗೆ ಶೇ 14.3, ಸೀಟು ಐದು. ಲಿಬರಲ್ ಡೆಮಾಕ್ರಾಟರಿಗೆ ಅದಕ್ಕಿಂತಲೂ ಕಡಿಮೆ, ಶೇ 12.2, ಆದರೆ ಸೀಟು 72. ಭಾಗಿಸಿ ನೋಡಿದರೆ ಲೇಬರ್‌ನ ಒಂದು ಸೀಟಿಗೆ ಸುಮಾರು 23,600 ಮತ, ಲಿಬರಲ್ ಡೆಮಾಕ್ರಾಟರ ಒಂದು ಸೀಟಿಗೆ ಸುಮಾರು 49,000, ರಿಫಾರ್ಮ್‌ನ ಒಂದು ಸೀಟಿಗೆ 8 ಲಕ್ಷಕ್ಕೂ ಮೇಲೆ.

ಮತ ಹೆಚ್ಚಿದರೆ ಸೀಟು ಹೆಚ್ಚುತ್ತದೆ ಎಂಬ ಲೆಕ್ಕವೂ ನಿಲ್ಲುವುದಿಲ್ಲ. ಲಿಬರಲ್ ಡೆಮಾಕ್ರಾಟರು 2019ರಲ್ಲಿ ಸುಮಾರು 37 ಲಕ್ಷ ಮತ ಪಡೆದು 11 ಸೀಟು ಗೆದ್ದಿದ್ದರು. 2024ರಲ್ಲಿ ಮತ ಸುಮಾರು 35 ಲಕ್ಷಕ್ಕೆ ಇಳಿದು ಸೀಟು 72ಕ್ಕೆ ಏರಿತು. 2017ರಲ್ಲಿ ಜೆರೆಮಿ ಕಾರ್ಬಿನ್ ನೇತೃತ್ವದ ಲೇಬರ್ ಶೇ 40ರಷ್ಟು, ಅಂದರೆ 1.28 ಕೋಟಿಗೂ ಹೆಚ್ಚು ಮತ ತೆಗೆದುಕೊಂಡು 262 ಸೀಟಿನೊಂದಿಗೆ ವಿರೋಧ ಪಕ್ಷದಲ್ಲೇ ಉಳಿಯಿತು. ಏಳು ವರ್ಷದ ನಂತರ ಕೀರ್ ಸ್ಟಾರ್ಮರ್ 97 ಲಕ್ಷ ಮತದಲ್ಲಿ ಭಾರಿ ಬಹುಮತ ಪಡೆದರು. ನಡುವೆ ಆದದ್ದು ಎರಡು. ಕನ್ಸರ್ವೇಟಿವ್ ಮತವನ್ನು ರಿಫಾರ್ಮ್ ಸೀಳಿತು. ಲೇಬರ್ ಮತ್ತು ಲಿಬರಲ್ ಡೆಮಾಕ್ರಾಟರು ತಾವು ಗೆಲ್ಲಲಾಗದ ಕಡೆ ಬೆವರು ಸುರಿಸದೆ, ಗೆಲ್ಲಬಹುದಾದ ಕ್ಷೇತ್ರಗಳಲ್ಲೇ ಕಾರ್ಯಕರ್ತರನ್ನೂ ಹಣವನ್ನೂ ಇಟ್ಟರು. ಮತದಾರರೂ ಯಾರನ್ನು ಸೋಲಿಸಬೇಕೆಂದು ನೋಡಿ ಮತ ಹಾಕಿದರು.

ಒಂದು ಕ್ಷೇತ್ರವನ್ನು ಹತ್ತಿರದಿಂದ ನೋಡಿದರೆ ಇದು ಇನ್ನೂ ಸ್ಪಷ್ಟ. ನೈಋತ್ಯ ನಾರ್ಫೋಕ್. ಮಾಜಿ ಪ್ರಧಾನಿ ಲಿಜ್ ಟ್ರಸ್ ಅವರ ಕ್ಷೇತ್ರ, ಕನ್ಸರ್ವೇಟಿವ್‌ನ ಭದ್ರಕೋಟೆ ಎಂದೇ ಲೆಕ್ಕ. 2024ರಲ್ಲಿ ಲೇಬರ್‌ನ ಟೆರಿ ಜರ್ಮಿ 11,847, ಟ್ರಸ್ 11,217, ರಿಫಾರ್ಮ್ 9,958, ಒಬ್ಬ ಪಕ್ಷೇತರ 6,282. ಅಂತರ 630. ಗೆದ್ದವರ ಪಾಲು ಶೇ 26.7, ಅಂದರೆ ನಾಲ್ವರಲ್ಲಿ ಮೂವರು ಅವರಿಗೆ ಮತ ಹಾಕಿರಲಿಲ್ಲ. ಬಲಪಂಥದ ಮತ ಮೂರು ದಾರಿಗೆ ಹರಿದುಹೋದಾಗ ನಾಲ್ಕನೇ ಒಂದು ಭಾಗವೇ ಗೆಲುವಿಗೆ ಸಾಕಾಯಿತು. ಇಂಥ ಕ್ಷೇತ್ರದ ಬಗ್ಗೆ ರಾಷ್ಟ್ರಮಟ್ಟದ ಶೇಕಡಾವಾರು ಏನನ್ನೂ ಹೇಳಲಾರದು.

ಹಾಗೆಂದು ರಿಫಾರ್ಮ್‌ನ ಐದು ಸೀಟನ್ನು ನೋಡಿ ಕೈಬಿಡುವುದೂ ತಪ್ಪು. ಆ ಐದರ ಹಿಂದೆ 98 ಕ್ಷೇತ್ರಗಳಲ್ಲಿ ಆ ಪಕ್ಷ ಎರಡನೇ ಸ್ಥಾನ ಪಡೆದಿತ್ತು, ಹೆಚ್ಚಿನವು ಲೇಬರ್ ಗೆದ್ದ ಕಡೆ. ದೇಶದ ತುಂಬ ತೆಳುವಾಗಿ ಹರಡಿದ ಮತ ಒಂದು ಮಟ್ಟದವರೆಗೆ ಏನೂ ಕೊಡುವುದಿಲ್ಲ. 2015ರಲ್ಲಿ ಫರಾಜ್ ಅವರ ಆಗಿನ ಪಕ್ಷ ಯುಕಿಪ್ ಶೇ 12.6 ಮತಕ್ಕೆ ಒಂದೇ ಸೀಟು ಪಡೆದದ್ದು ಹೀಗೆಯೇ, ಅದೇ ವರ್ಷ ಸ್ಕಾಟ್ಲೆಂಡಿನಲ್ಲೇ ಮತ ಒಟ್ಟಾಗಿದ್ದ ಎಸ್‌ಎನ್‌ಪಿ (ಸ್ಕಾಟಿಷ್ ನ್ಯಾಷನಲ್ ಪಾರ್ಟಿ) ಶೇ 4.7ಕ್ಕೆ 56 ಸೀಟು ಗಳಿಸಿತು. ಆದರೆ ಐದಾರು ಪಕ್ಷ ಕಣದಲ್ಲಿರುವಾಗ ಆ ತೆಳು ಮತ ಶೇ 30ರ ಆಸುಪಾಸು ಮುಟ್ಟಿತೆಂದರೆ ಎರಡನೇ ಸ್ಥಾನಗಳೆಲ್ಲ ಒಟ್ಟೊಟ್ಟಿಗೆ ಗೆಲುವಾಗಿ ಮಗುಚುತ್ತವೆ. 2025ರ ಮೇ 1ರಂದು ರನ್‌ಕಾರ್ನ್ ಅಂಡ್ ಹೆಲ್ಸ್‌ಬಿ ಉಪಚುನಾವಣೆಯಲ್ಲಿ ಆದದ್ದು ಅದೇ. ಹಿಂದಿನ ವರ್ಷ ಲೇಬರ್ 14,696 ಮತಗಳ ಅಂತರದಲ್ಲಿ ಗೆದ್ದಿದ್ದ ಜಾಗ; ಮರುಎಣಿಕೆಯ ನಂತರ ರಿಫಾರ್ಮ್ 12,645, ಲೇಬರ್ 12,639. ಆರು ಮತ.

ಇನ್ನು ಸಮೀಕ್ಷೆಗಳು. ಪತ್ರಿಕೆಗಳು ಅವನ್ನು ಅಚ್ಚು ಹಾಕುವಾಗ ಒಂದೆರಡು ವಿವರ ಜೊತೆಗೆ ಕೊಡಲೇಬೇಕು ಎಂಬುದು ನನ್ನ ಆಗ್ರಹ. ಹೆಚ್ಚಿನ ಸಮೀಕ್ಷೆಗಳು ಗ್ರೇಟ್ ಬ್ರಿಟನ್ನಿನವು. ಉತ್ತರ ಐರ್ಲೆಂಡ್ ಅವುಗಳಲ್ಲಿಲ್ಲ, ಏಕೆಂದರೆ ಅಲ್ಲಿನ ಪಕ್ಷಗಳೇ ಬೇರೆ: ಡಿಯುಪಿ, ಶಿನ್ ಫೇನ್, ಎಸ್‌ಡಿಎಲ್‌ಪಿ, ಅಲಯನ್ಸ್. ಸಾವಿರ, ಎರಡು ಸಾವಿರ ಜನರನ್ನು ಕೇಳಿ ಮಾಡುವ ಮಾಮೂಲಿ ಸಮೀಕ್ಷೆಯಲ್ಲಿ ಮೂರು ನಾಲ್ಕು ಶೇಕಡಾ ಅಂಶ ಆಚೀಚೆ ಆಗುವುದು ಸಹಜ. ಹಾಗಾಗಿ ಶೇ 27 ಇದ್ದದ್ದು 29 ಆದರೆ ಅದು ಅಲೆಯಲ್ಲ. ಎಂಆರ್‌ಪಿ ಎಂಬ ಇನ್ನೊಂದು ಬಗೆ ಇದೆ. ಅದರಲ್ಲಿ ಹತ್ತಾರು ಸಾವಿರ ಜನರ ಉತ್ತರವನ್ನು ವಯಸ್ಸು, ಶಿಕ್ಷಣ, ಹಿಂದಿನ ಮತ ಇತ್ಯಾದಿಗಳಿಗೆ ಜೋಡಿಸಿ ಪ್ರತಿ ಕ್ಷೇತ್ರದ ಅಂದಾಜು ಹೊರಡಿಸುತ್ತಾರೆ. ಸೀಟಿನ ಮಾತಾಡಬೇಕೆಂದರೆ ನೋಡಬೇಕಾದ್ದು ಇದನ್ನು. ಅದೂ ತಪ್ಪುತ್ತದೆ, ಮುಖ್ಯವಾಗಿ ಒಂದು ಕ್ಷೇತ್ರದಲ್ಲಿ ಪ್ರಬಲ ಪಕ್ಷೇತರರೋ ಸ್ಥಳೀಯ ಸಿಟ್ಟೋ ಇದ್ದಾಗ. ಮಾಮೂಲಿ ಸಮೀಕ್ಷೆಗಳಲ್ಲಿ 2024ರ ಕೊನೆಯ ವಾರ ಲೇಬರ್‌ನ ಮುನ್ನಡೆ 20 ಅಂಶದ ಹತ್ತಿರ ಕಾಣುತ್ತಿತ್ತು. ಪೆಟ್ಟಿಗೆ ತೆರೆದಾಗ ಇದ್ದದ್ದು 10. ನಂಬಿಕೆಗೆ ಅರ್ಹವಾದದ್ದು ಮತದಾನ ಮುಗಿದ ಕ್ಷಣ, ರಾತ್ರಿ 10ಕ್ಕೆ ಬಿಬಿಸಿ, ಐಟಿವಿ, ಸ್ಕೈ ಒಟ್ಟಾಗಿ ಪ್ರಕಟಿಸುವ ಎಕ್ಸಿಟ್ ಪೋಲ್. 2024ರಲ್ಲಿ ಲೇಬರ್‌ಗೆ 410 ಎಂದಿತು, ಬಂದದ್ದು 411. ಆದರೆ ರಿಫಾರ್ಮ್‌ಗೆ 13 ಎಂದಿತ್ತು, ಬಂದದ್ದು 5. ಸಣ್ಣ ಅಂತರದ ಕ್ಷೇತ್ರಗಳಲ್ಲಿ ಅದೂ ಮುಗ್ಗರಿಸುತ್ತದೆ. ಅಲ್ಲಿನ ರಾತ್ರಿ 10 ಎಂದರೆ, ಬೇಸಿಗೆಯಲ್ಲಾದರೆ, ನಮ್ಮ ಗಡಿಯಾರದಲ್ಲಿ ನಸುಕಿನ 2.30.

ಚುನಾವಣೆ ಯಾವಾಗ ಎಂಬುದರ ಬಗ್ಗೆಯೂ ಗೊಂದಲ ಬಹಳ. ನಿಗದಿತ ಅವಧಿಯ ಕಾಯ್ದೆ ರದ್ದಾಗಿ 2022ರಿಂದ ಹಳೆಯ ಪದ್ಧತಿ ಮರಳಿದೆ: ಪ್ರಧಾನಿ ಕೇಳಿದಾಗ ದೊರೆ ಸಂಸತ್ತನ್ನು ವಿಸರ್ಜಿಸುತ್ತಾರೆ. ಕೇಳದಿದ್ದರೆ, ಮೊದಲು ಸೇರಿದ ದಿನದಿಂದ ಐದು ವರ್ಷಕ್ಕೆ ಸಂಸತ್ತು ತಾನೇ ವಿಸರ್ಜನೆಯಾಗಿ 25 ಕೆಲಸದ ದಿನಗಳ ನಂತರ ಮತದಾನ. ಈಗಿನ ಸಂಸತ್ತು 2024ರ ಜುಲೈ 9ರಂದು ಸೇರಿದ್ದರಿಂದ ಕೊನೆಯ ಗಡುವು 2029ರ ಆಗಸ್ಟ್ 15. ಪ್ರಧಾನಿ ಬದಲಾದರೆ ಚುನಾವಣೆ ಬಂತು ಎಂದು ತಿಳಿಯುವವರಿದ್ದಾರೆ. ಹಾಗೇನಿಲ್ಲ. 2022ರ ಒಂದೇ ವರ್ಷದಲ್ಲಿ ಬೋರಿಸ್ ಜಾನ್ಸನ್, ಲಿಜ್ ಟ್ರಸ್, ರಿಷಿ ಸುನಕ್ ಮೂವರು ಆ ಕುರ್ಚಿಯಲ್ಲಿ ಕೂತರು. ಜನರ ಮತ ಯಾರೂ ಕೇಳಲಿಲ್ಲ. ಆಳುವ ಪಕ್ಷ ತನ್ನ ನಾಯಕನನ್ನು ಬದಲಿಸಿತು, ಅಷ್ಟೇ.

ಯಾರಿಗೂ ಬಹುಮತ ಬಾರದಿದ್ದರೆ? ಪುಸ್ತಕದ ಲೆಕ್ಕ 326. ಸ್ಪೀಕರ್ ಮತ್ತು ಮೂವರು ಉಪಸ್ಪೀಕರ್‌ಗಳು ಮತ ಹಾಕುವುದಿಲ್ಲ, ಶಿನ್ ಫೇನ್‌ನ ಏಳು ಸದಸ್ಯರು ಸದನಕ್ಕೇ ಬರುವುದಿಲ್ಲ. ಅವರನ್ನು ಕಳೆದರೆ 320ರಲ್ಲಿ ಸರ್ಕಾರ ನಡೆಯುತ್ತದೆ. 2010ರಲ್ಲಿ ಕನ್ಸರ್ವೇಟಿವ್ 306, ಲಿಬರಲ್ ಡೆಮಾಕ್ರಾಟರು 57 ಸೇರಿ ಸಮ್ಮಿಶ್ರ ಸರ್ಕಾರ ಮಾಡಲು ಐದು ದಿನ ಹಿಡಿಯಿತು, ಅಲ್ಲಿಯವರೆಗೆ ಸೋತ ಗಾರ್ಡನ್ ಬ್ರೌನ್ ಅವರೇ ಪ್ರಧಾನಿ. 2017ರಲ್ಲಿ ಥೆರೆಸಾ ಮೇ ಡಿಯುಪಿಯ ಹತ್ತು ಜನರ ಹೊರಗಿನ ಬೆಂಬಲದಲ್ಲಿ ದಿನ ತಳ್ಳಿದರು. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನ ತಮ್ಮದೇ ಶಾಸನಸಭೆಗಳ ಚುನಾವಣೆಯಲ್ಲಿ ಮತಕ್ಕೆ ತಕ್ಕಂತೆ ಸೀಟು ಹಂಚುವ ಕ್ರಮವಿದೆ, 16 ತುಂಬಿದವರಿಗೂ ಮತವಿದೆ. ಆ ಫಲಿತಾಂಶವನ್ನು ನೇರವಾಗಿ ವೆಸ್ಟ್‌ಮಿನ್‌ಸ್ಟರ್‌ಗೆ, ಅಂದರೆ ಬ್ರಿಟನ್ನಿನ ಸಂಸತ್ತಿಗೆ, ಅನ್ವಯಿಸಲು ಹೋಗಬೇಡಿ.

ಇಷ್ಟೆಲ್ಲ ಚರ್ಚೆಯಲ್ಲಿ ಕಾಣೆಯಾಗುವ ಒಂದು ಸಂಗತಿ ಇದೆ, ನನಗೆ ಅತಿ ಮುಖ್ಯವೆನಿಸುವುದು ಅದೇ. ಬ್ರಿಟನ್ನಿನಲ್ಲಿ ವಾಸವಿರುವ ಭಾರತೀಯ ಪ್ರಜೆಗಳಿಗೆ ಅಲ್ಲಿ ಮತದಾನದ ಹಕ್ಕಿದೆ. ಬ್ರಿಟಿಷ್ ಪೌರತ್ವ ಬೇಕಿಲ್ಲ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ವಿದ್ಯಾರ್ಥಿ ವೀಸಾದಲ್ಲಿರಲಿ ಕೆಲಸದ ವೀಸಾದಲ್ಲಿರಲಿ, ಅಲ್ಲಿ ನೆಲೆಸಿರುವ 18 ತುಂಬಿದವರು ಸಾರ್ವತ್ರಿಕ ಚುನಾವಣೆಯಲ್ಲೂ ಸ್ಥಳೀಯ ಕೌನ್ಸಿಲ್ ಚುನಾವಣೆಯಲ್ಲೂ ಮತ ಹಾಕಬಹುದು. 2024ರಲ್ಲಿ ಲಂಡನ್ನಿನ ಹೆಂಡನ್ ಕ್ಷೇತ್ರದ ಅಂತರ ಹದಿನೈದು ಮತ. ಒಂದು ಹಾಸ್ಟೆಲ್ ಕಾರಿಡಾರಿನಲ್ಲಿ ಅದಕ್ಕಿಂತ ಹೆಚ್ಚು ಜನರಿರುತ್ತಾರೆ. ಆದರೂ ಅಲ್ಲಿಗೆ ಹೋದ ಬಹುಪಾಲು ಮಕ್ಕಳಿಗೆ ಈ ಹಕ್ಕಿನ ಸುದ್ದಿಯನ್ನು ಯಾರೂ ಹೇಳಿರುವುದಿಲ್ಲ.

ನೋಂದಣಿ ಸರ್ಕಾರದ ಜಾಲತಾಣದಲ್ಲಿ ಐದು ನಿಮಿಷದ ಕೆಲಸ. ರಾಷ್ಟ್ರೀಯತೆ ಕೇಳಿದಲ್ಲಿ ಭಾರತ ಎಂದೇ ಬರೆಯಬೇಕು. ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ (ಅಲ್ಲಿ ದುಡಿಯುವವರಿಗೆ ಕೊಡುವ ತೆರಿಗೆ-ವಿಮೆ ಸಂಖ್ಯೆ) ಕೇಳುತ್ತದೆ. ಇಲ್ಲದಿದ್ದರೆ ಕಾರಣ ಬರೆದು ಮುಂದುವರಿಯಬಹುದು, ಸ್ಥಳೀಯ ನೋಂದಣಿ ಕಚೇರಿ ಆಮೇಲೆ ಗುರುತಿನ ದಾಖಲೆ ಕೇಳಬಹುದು. ಮನೆ ಬದಲಾಯಿಸಿದರೆ ಹೊಸ ವಿಳಾಸದಲ್ಲಿ ಮತ್ತೆ ನೋಂದಾಯಿಸಬೇಕು, ಹೆಚ್ಚಿನವರು ತಪ್ಪುವುದು ಇಲ್ಲಿ. ಗಡುವು ಮತದಾನಕ್ಕೆ 12 ಕೆಲಸದ ದಿನ ಮುಂಚಿನ ಮಧ್ಯರಾತ್ರಿ. 2024ರಲ್ಲಿ ಚುನಾವಣೆ ಘೋಷಣೆಯಾದದ್ದು ಮೇ 22ರಂದು, ನೋಂದಣಿ ಮುಗಿದದ್ದು ಜೂನ್ 18ರಂದು. ಅಂದರೆ ನಾಲ್ಕು ವಾರವೂ ಇಲ್ಲ. ಘೋಷಣೆಗೆ ಕಾಯದೆ ಬ್ರಿಟನ್ ಸೇರಿದ ತಿಂಗಳಲ್ಲೇ ಮಾಡಿಕೊಳ್ಳುವುದು ಒಳ್ಳೆಯದು.

ರಜೆಗೆ ಭಾರತಕ್ಕೆ ಬರುವ ಯೋಚನೆ ಇದ್ದರೆ ಅಂಚೆ ಮತ ಕೇಳಬೇಡಿ. ನಾಮಪತ್ರದ ಹಂತ ಮುಗಿದ ಮೇಲೆಯೇ ಮತಪತ್ರ ಅಚ್ಚಾಗಿ ಹೊರಡುವುದರಿಂದ, ಅದು ಕಡಲು ದಾಟಿ ಬಂದು ಮತದಾನದ ದಿನ ರಾತ್ರಿ 10ರೊಳಗೆ ಮರಳಿ ತಲುಪುವುದು ಕಷ್ಟ. ಬದಲಿಗೆ ಅಲ್ಲೇ ಇರುವ, ತಾವೂ ಮತದಾನಕ್ಕೆ ಅರ್ಹರಾದ ಗೆಳೆಯರನ್ನು ಪ್ರಾಕ್ಸಿ (ನಿಮ್ಮ ಪರವಾಗಿ ಮತ ಹಾಕುವವರು) ಮಾಡಿ. ಅದಕ್ಕೆ ಆರು ಕೆಲಸದ ದಿನ ಮುಂಚಿನ ಸಂಜೆ 5ರವರೆಗೆ ಸಮಯವಿದೆ. ಬ್ರಿಟನ್ನಿನಲ್ಲೇ ಇದ್ದು ಅಂಚೆ ಮತ ಹಾಕುವವರು ಜೊತೆಯ ಹೇಳಿಕೆಯಲ್ಲಿ ಸಹಿ ಮತ್ತು ಹುಟ್ಟಿದ ದಿನಾಂಕ ತುಂಬುವುದನ್ನು ಮರೆಯಬಾರದು. ಅರ್ಜಿಯಲ್ಲಿದ್ದ ಸಹಿಗೆ ಹೊಂದದಿದ್ದರೆ ಮತ ತಿರಸ್ಕೃತ.

ಮತಗಟ್ಟೆಗೆ ಹೋಗುವವರಿಗೆ 2023ರಿಂದ ಫೋಟೊ ಗುರುತು ಕಡ್ಡಾಯ. 2024ರಲ್ಲಿದ್ದ ನಿಯಮದಂತೆ ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ವಿಶ್ವವಿದ್ಯಾಲಯದ ಗುರುತಿನ ಚೀಟಿ, ಭಾರತದ ಚಾಲನಾ ಪರವಾನಗಿ, ಆಧಾರ್ ಯಾವುದೂ ನಡೆಯುವುದಿಲ್ಲ. ಫೋನಿನಲ್ಲಿರುವ ಚಿತ್ರವೂ ನಡೆಯದು, ಮೂಲ ದಾಖಲೆಯೇ ಬೇಕು. ಉತ್ತರ ಐರ್ಲೆಂಡಿನ ಪಟ್ಟಿ ಬೇರೆ, ಅಲ್ಲಿರುವವರು ಮೊದಲೇ ನೋಡಿಕೊಳ್ಳಬೇಕು. ಬ್ಯಾಂಕ್ ಕಾರ್ಡನ್ನೂ ಗುರುತಾಗಿ ಒಪ್ಪುವುದಾಗಿ, ಮತದಾನದ ವಯಸ್ಸನ್ನು 16ಕ್ಕೆ ಇಳಿಸುವುದಾಗಿ ಸರ್ಕಾರ 2025ರ ಜುಲೈನಲ್ಲಿ ಪ್ರಕಟಿಸಿದೆ. ಆದ್ದರಿಂದ ಮುಂದಿನ ಚುನಾವಣೆಯ ಹೊತ್ತಿಗೆ ಚುನಾವಣಾ ಆಯೋಗದ ಪಟ್ಟಿಯನ್ನು ಮತ್ತೊಮ್ಮೆ ನೋಡಬೇಕು.

ನಮ್ಮವರಿಗೇ ವಿಶೇಷವಾಗಿ ತೊಡಕಾಗುವುದು ಹೆಸರು. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಊರಿನ ಹೆಸರು ಪೂರ್ತಿ ಬಿಡಿಸಿ ಬರೆದಿರುತ್ತದೆ. ನೋಂದಾಯಿಸುವಾಗ ಅಭ್ಯಾಸಬಲದಿಂದ ಇನಿಷಿಯಲ್ ಹಾಕಿಬಿಡುತ್ತಾರೆ. ಗುರುತಿನ ದಾಖಲೆ ಮತ್ತು ಮತದಾರರ ಪಟ್ಟಿಯ ಹೆಸರು ಒಬ್ಬರದೇ ಎಂದು ಮತಗಟ್ಟೆಯ ಅಧಿಕಾರಿಗೆ ಅನಿಸದಿದ್ದರೆ ಮತಪತ್ರ ಸಿಗದು. ಹಾಗಾಗಿ ನೋಂದಣಿಯ ಅರ್ಜಿಯಲ್ಲಿ ಪಾಸ್‌ಪೋರ್ಟಿನಲ್ಲಿರುವ ಹೆಸರನ್ನೇ ಅಕ್ಷರ ಬಿಡದೆ ಬರೆಯಿರಿ.

ಇಂತಿ ನಿಮ್ಮ ಓದುಗ