ಭಾನುವಾರದ ಓದಿಗೆ ನಿಮ್ಮದಲ್ಲದ ವಿಷಯ ತನ್ನಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 4ಕ್ಕೆ ಕದ್ರಿ ಪಾರ್ಕಿನಲ್ಲಿ ಸೇರುವುದು. ಈ ಸಲ ಒಂದೇ ಷರತ್ತು: ನಿಮ್ಮದಲ್ಲದ ವಿಷಯದ ಒಂದು ಸಂಶೋಧನಾ ಪ್ರಬಂಧ ಓದಿಕೊಂಡು ಬನ್ನಿ. ಕನ್ನಡ ಎಂ.ಎ.ಯವರು ಮೀನುಗಾರಿಕೆಯದ್ದು, ಎಂಜಿನಿಯರುಗಳು ಶಾಸನದ್ದು, ಹೀಗೆ.

"ಇದರಿಂದ ಎಂತ ಪ್ರಯೋಜನ ಮಾರಾಯ್ರೆ?" ಅಂತ ಕಳೆದ ವಾರ ಕೇಳಿದವರಿಗೆ ಉತ್ತರ. ಶಿಕಾಗೊ ವಿಶ್ವವಿದ್ಯಾಲಯದ ಡಾನ್ ಸ್ವಾನ್ಸನ್ ವೈದ್ಯರಲ್ಲ, ಭೌತಶಾಸ್ತ್ರ ಓದಿ ಗ್ರಂಥಾಲಯ ವಿಜ್ಞಾನಕ್ಕೆ ಬಂದವರು. ಚಳಿಗೆ ರಕ್ತನಾಳ ಬಿಗಿದು ಬೆರಳು ಬಿಳುಚುವ ರೇನೋ ಕಾಯಿಲೆಯವರಲ್ಲಿ ರಕ್ತ ಮಂದವಾಗಿರುತ್ತದೆ ಎಂದು ಒಂದಷ್ಟು ಪ್ರಬಂಧಗಳು ಹೇಳುತ್ತಿದ್ದವು. ಮೀನೆಣ್ಣೆ ರಕ್ತದ ಮಂದತನ ಇಳಿಸುತ್ತದೆ ಎಂದು ಬೇರೆಯೇ ಒಂದಷ್ಟು. ರೇನೋ ಬಗ್ಗೆ ಬರೆದವರದ್ದು ಮೀನೆಣ್ಣೆ ಬಗ್ಗೆ ಬರೆದವರ ಕಣ್ಣಿಗೆ ಬಿದ್ದಿರಲಿಲ್ಲ, ಅವರದ್ದು ಇವರ ಕಣ್ಣಿಗೂ ಇಲ್ಲ. 1986ರಲ್ಲಿ ಸ್ವಾನ್ಸನ್ ಎರಡನ್ನೂ ಜೋಡಿಸಿ, ಈ ಕಾಯಿಲೆಗೆ ಮೀನೆಣ್ಣೆ ಉಪಯೋಗವಾಗಬಹುದು ಎಂದು ಬರೆದರು. ಒಂದು ಪ್ರಯೋಗವನ್ನೂ ಮಾಡದೆ, ಬರೀ ಓದಿ! ಆಮೇಲೆ ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲೂ ಕೆಲವರಿಗೆ ಗುಣ ಕಂಡಿತು. (ಬೂತಾಯಿ ಮೀನಿನ ಪುಳಿಮುಂಚಿ ತಿನ್ನುವ ನಮಗೆ ಇದು ಮೊದಲೇ ಗೊತ್ತಿತ್ತು ಅನ್ನಬೇಡಿ.)

ಅರ್ಥವಾಗದ ಪದಗಳಿಗೆ ಗೆರೆ ಎಳೆದು ತನ್ನಿ, ಚರ್ಚೆ ಅಲ್ಲಿಂದಲೇ ಶುರು. ಸಾರಾಂಶ ಮಾತ್ರ ಓದಿ ಬಂದವರದ್ದು ಗೋಳಿಬಜೆ ಖರ್ಚು. ಮಳೆ ಇದ್ದರೆ ಮಧ್ಯಾಹ್ನದೊಳಗೆ ಇಲ್ಲೇ ತಿಳಿಸುತ್ತೇನೆ.