ಕಾದೊಡನೆ ಹಿಡಿತ ತಪ್ಪುವ ವೋಲ್ಟೇಜ್ ರೆಗ್ಯುಲೇಟರ್ ಬಗ್ಗೆ ದೂರು

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಸ್ವನಿರ್ಮಿತ ವಿಮಾನಕ್ಕೆಂದು ಖರೀದಿಸಿದ ವೋಲ್ಟೇಜ್ ರೆಗ್ಯುಲೇಟರಿನ ದೋಷ ಹಾಗೂ ವಾರಂಟಿ ನಿರಾಕರಣೆ

ಮಾನ್ಯರೇ,

ನನ್ನ ಮೊದಲ ದೂರಿಗೆ ನೀವು ಕೊಟ್ಟ ಉತ್ತರ ಬಹಳ ಚಿಕ್ಕದು. ವಿಮಾನ ಕಾರ್ಖಾನೆಯಲ್ಲಿ ತಯಾರಾದದ್ದಲ್ಲ, ಆದ್ದರಿಂದ ದೋಷ ವೈರಿಂಗ್‌ನದೇ ಇರಬೇಕು, ವಾರಂಟಿ ಅನ್ವಯಿಸುವುದಿಲ್ಲ ಎಂದಿದ್ದೀರಿ. ಪೆಟ್ಟಿಗೆಯ ಮೇಲೆ ‘ಸ್ವನಿರ್ಮಿತ ವಿಮಾನಗಳಿಗಾಗಿ’ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಿಸಿದವರೂ ನೀವೇ. ನಮ್ಮಂಥವರಿಗೆಂದೇ ಮಾರಿದ ವಸ್ತು ಕೆಟ್ಟಾಗ, ನಾವು ವಿಮಾನವನ್ನು ಸ್ವತಃ ಕಟ್ಟಿದ್ದೇವೆ ಎಂಬುದನ್ನೇ ನೆಪ ಮಾಡಿಕೊಳ್ಳುವುದು ಯಾವ ನ್ಯಾಯ? ರೆಗ್ಯುಲೇಟರನ್ನು ತರಿಸಿಕೊಂಡು ಒಮ್ಮೆ ಪರೀಕ್ಷಿಸುವ ಮಾತನ್ನೂ ನೀವು ಆಡಲಿಲ್ಲ. ಆ ಕೆಲಸವನ್ನು ನಾನೇ ಮಾಡಿದ್ದೇನೆ.

ಎಂಜಿನ್ನಿನಿಂದ ತಿರುಗಿ ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರಿನ ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವುದು ರೆಗ್ಯುಲೇಟರಿನ ಕೆಲಸ. ತೊಂದರೆ ಇದು. ಎಂಜಿನ್ ಚಾಲೂ ಆದಾಗ ವೋಲ್ಟ್‌ಮೀಟರ್ 14.2ರಲ್ಲಿ ಅಲುಗಾಡದೆ ನಿಲ್ಲುತ್ತದೆ. 12 ವೋಲ್ಟ್‌ನ ಸೀಸ-ಆಮ್ಲ ಬ್ಯಾಟರಿಗೆ ಅದು ತಕ್ಕ ಮಟ್ಟ. ಹಾರಾಟ ಮುಂದುವರಿದು ಎಂಜಿನ್ ಕವಚದೊಳಗೆಲ್ಲ ಕಾವೇರಿದ ಮೇಲೆ ವೋಲ್ಟೇಜ್ ಮೆಲ್ಲಗೆ ಮೇಲಕ್ಕೆ ಸರಿಯುತ್ತದೆ: 14.8, 15.3, 15.7. 16 ದಾಟಿದಾಗ, ನಾನು ಪ್ರತ್ಯೇಕವಾಗಿ ಅಳವಡಿಸಿರುವ ಅತಿವೋಲ್ಟೇಜ್ ರಕ್ಷಕ ಫೀಲ್ಡ್ ಬ್ರೇಕರನ್ನು, ಅಂದರೆ ಆಲ್ಟರ್ನೇಟರಿನೊಳಗೆ ಕಾಂತಕ್ಷೇತ್ರ ಹುಟ್ಟಿಸುವ ಫೀಲ್ಡ್ ಸುರುಳಿಗೆ ಕರೆಂಟ್ ಹರಿಸುವ ಬ್ರೇಕರನ್ನು, ಬೀಳಿಸುತ್ತದೆ; ಆಲ್ಟರ್ನೇಟರಿನ ಉತ್ಪಾದನೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಬ್ಯಾಟರಿಯಲ್ಲಿ ಇದ್ದಷ್ಟೇ ವಿದ್ಯುತ್. ನನ್ನ ಎಂಜಿನ್ನಿನ ಇಗ್ನಿಷನ್ ಎಲೆಕ್ಟ್ರಾನಿಕ್, ಇಂಧನ ಪಂಪ್ ಕೂಡ ವಿದ್ಯುತ್ತಿನದು. ಬ್ಯಾಟರಿ ಬರಿದಾದರೆ ರೇಡಿಯೋದ ಜೊತೆಗೆ ಎಂಜಿನ್ನೂ ನಿಲ್ಲುತ್ತದೆ. ಇಳಿದು, ಎಲ್ಲ ತಣ್ಣಗಾದ ಮೇಲೆ ನೋಡಿದರೆ ಮತ್ತೆ 14.2!

ವೈರಿಂಗ್‌ನಿಂದಲೂ ವೋಲ್ಟೇಜ್ ಹೀಗೆ ಏರಬಹುದು, ನಿಜ. ಸವೆದ ಸ್ವಿಚ್ಚಿನಲ್ಲೋ ಸಡಿಲ ಜೋಡಣೆಯಲ್ಲೋ ಅರ್ಧ ವೋಲ್ಟ್ ಸೋರಿಹೋದರೆ, ವೋಲ್ಟೇಜ್ ಎಷ್ಟಿದೆ ಎಂದು ತಿಳಿಸುವ ಸೆನ್ಸ್ ತಂತಿಯ ತುದಿಯಲ್ಲಿರುವ ರೆಗ್ಯುಲೇಟರಿಗೆ ವೋಲ್ಟೇಜ್ ಅಷ್ಟು ಕಡಿಮೆಯಾಗಿ ಕಾಣುತ್ತದೆ. ಅದನ್ನು ತುಂಬಿಕೊಡಲು ಅದು ಫೀಲ್ಡ್ ಕರೆಂಟನ್ನು ಹೆಚ್ಚಿಸುತ್ತದೆ. ಅದಕ್ಕಾಗಿಯೇ ಮೊದಲು ಅಳೆದದ್ದು ಅದನ್ನು. ನೆಲದ ಮೇಲೆ ಎಂಜಿನ್ ಓಡಿಸಿ, ಕಾವು ಏರಿ ವೋಲ್ಟೇಜ್ 15.5ಕ್ಕೆ ಹತ್ತಿದ ಹೊತ್ತಿನಲ್ಲೇ, ಬ್ಯಾಟರಿಯ ಧನ ತುದಿಗೂ ಸೆನ್ಸ್ ತುದಿಗೂ ನಡುವೆ ಇದ್ದ ವ್ಯತ್ಯಾಸ 0.04 ವೋಲ್ಟ್. ರೆಗ್ಯುಲೇಟರಿನ ಕವಚಕ್ಕೂ ಬ್ಯಾಟರಿಯ ಋಣ ತುದಿಗೂ ನಡುವೆ 0.02. ಎಂಜಿನ್ ನಿಲ್ಲಿಸಿ ಫೀಲ್ಡ್ ತಂತಿಯನ್ನು ರೆಗ್ಯುಲೇಟರಿನಿಂದ ಬಿಡಿಸಿ, ಮಾಸ್ಟರ್ ಸ್ವಿಚ್ ಹಾಕಿ ನೋಡಿದರೆ ಆ ತಂತಿಯಲ್ಲಿ ವೋಲ್ಟೇಜ್ ಇಲ್ಲವೇ ಇಲ್ಲ; ಅಂದರೆ ಬೇರೆ ಯಾವ ತಂತಿಗೂ ಅದು ತಾಗಿಲ್ಲ. ಇಷ್ಟಾದ ಮೇಲೆ ವೈರಿಂಗ್ ಮೇಲೆ ಹೊರಿಸಲು ಏನು ಉಳಿಯಿತು?

ಆಲ್ಟರ್ನೇಟರನ್ನೂ ಬದಲಾಯಿಸಿ ನೋಡಿ ಎಂದು ನಿಮ್ಮ ಸಿಬ್ಬಂದಿ ಫೋನಿನಲ್ಲಿ ಸಲಹೆ ಕೊಟ್ಟರು. ಬ್ರಷ್ ಸವೆದರೆ, ಡಯೋಡ್ ಕೆಟ್ಟರೆ ಚಾರ್ಜ್ ಇಳಿಯುತ್ತದೆ, ಹೆಡ್‌ಸೆಟ್ಟಿನಲ್ಲಿ ಕೀರಲು ಸದ್ದು ಕೇಳಬಹುದು. ವೋಲ್ಟೇಜ್ ಏರುವುದಿಲ್ಲ. ವಿಮಾನದ ರೆಗ್ಯುಲೇಟರ್ ಮಾರುವವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿ ಬಂದದ್ದು ಬೇಸರದ ಸಂಗತಿ.

ಕೊನೆಗೆ ರೆಗ್ಯುಲೇಟರನ್ನು ಬಿಚ್ಚಿ ಮೇಜಿನ ಮೇಲಿಟ್ಟೆ. ವೋಲ್ಟೇಜ್ ಹೊಂದಿಸಬಹುದಾದ ವಿದ್ಯುತ್ ಮೂಲದಿಂದ ಪೂರೈಕೆ ಕೊಟ್ಟು, ಫೀಲ್ಡ್ ತುದಿಗೂ ಗ್ರೌಂಡಿಗೂ ನಡುವೆ 12 ವೋಲ್ಟ್‌ನ ಬಲ್ಬ್ ಹಾಕಿದೆ; ಅದು ಉರಿದರೆ ರೆಗ್ಯುಲೇಟರ್ ಫೀಲ್ಡಿಗೆ ಕರೆಂಟ್ ಕೊಡುತ್ತಿದೆ ಎಂದರ್ಥ. ತಣ್ಣಗಿರುವಾಗ 14.2 ದಾಟುತ್ತಿದ್ದಂತೆ ಬಲ್ಬ್ ಆರಿತು, ಹಾಗೆಯೇ ಆಗಬೇಕು. ಬಿಸಿಗಾಳಿ ಊದಿ ಕವಚವನ್ನು 70 ಡಿಗ್ರಿ ಸೆಲ್ಸಿಯಸ್‌ಗೆ ತಂದೆ. ನಿಮ್ಮ ಕೈಪಿಡಿ ಹೇಳುವ ಮಿತಿ 85. ಈಗ 15 ದಾಟಿದರೂ ಬಲ್ಬ್ ಉರಿಯಿತು, 16 ದಾಟಿದರೂ ಉರಿಯಿತು, 16.5ರಲ್ಲೂ ಉರಿಯುತ್ತಲೇ ಇತ್ತು. ತಣಿಸಿ ಮತ್ತೆ ಕಾಯಿಸಿದಾಗಲೂ ಫಲಿತಾಂಶ ಅದೇ. ಇಲ್ಲಿ ನನ್ನ ವಿಮಾನದ ಒಂದು ತಂತಿಯೂ ಇರಲಿಲ್ಲ.

ನನ್ನನ್ನು ಹೆಚ್ಚು ಕಳವಳಗೊಳಿಸಿದ್ದು ಈ 16.5. ಇದರೊಳಗೇ ಅತಿವೋಲ್ಟೇಜ್ ರಕ್ಷಣೆ ಇದೆ, 16ಕ್ಕೆ ಅದು ಫೀಲ್ಡನ್ನು ಕಡಿಯುತ್ತದೆ ಎಂದು ನಿಮ್ಮ ಕೈಪಿಡಿ ಭರವಸೆ ಕೊಡುತ್ತದೆ. ಕಾದಾಗ ನಿಯಂತ್ರಣವೂ ರಕ್ಷಣೆಯೂ ಒಟ್ಟಿಗೇ ಕೈಕೊಡುತ್ತಿವೆ. ಆ ಭರವಸೆಯನ್ನು ನಂಬಿ ಪ್ರತ್ಯೇಕ ರಕ್ಷಕ ಹಾಕದೆ ಹಾರುತ್ತಿರುವವರು ಇರಬಹುದು. ಅವರ ಬ್ಯಾಟರಿ ಕುದಿಯುವ ಮೊದಲು, ರೇಡಿಯೋ ಮತ್ತು ಉಪಕರಣಗಳು ಸುಟ್ಟುಹೋಗುವ ಮೊದಲು ಅವರಿಗೆ ತಿಳಿಸುವ ಹೊಣೆ ನಿಮ್ಮದು.

ಆದ್ದರಿಂದ ವಾರಂಟಿ ನಿರಾಕರಣೆಯನ್ನು ಹಿಂಪಡೆದು ಪೂರ್ತಿ ಹಣವನ್ನು ಮರಳಿಸಿ. ಇದೇ ಮಾದರಿಯ ಬದಲಿ ರೆಗ್ಯುಲೇಟರ್ ನನಗೆ ಬೇಡ. ಈ ತುಣುಕನ್ನು ನಿಮ್ಮ ಎಂಜಿನಿಯರುಗಳು ಕಾಯಿಸಿ ಪರೀಕ್ಷಿಸಲಿ, ಏನು ಕೆಟ್ಟಿದೆ ಎಂಬುದನ್ನು ನನಗೆ ಬರಹದಲ್ಲಿ ತಿಳಿಸಲಿ. ಇದೇ ಬ್ಯಾಚಿನಲ್ಲಿ ತಯಾರಾದ ರೆಗ್ಯುಲೇಟರುಗಳನ್ನು ಕೊಂಡ ಎಲ್ಲರಿಗೂ, ಪರೀಕ್ಷೆಯ ಫಲಿತಾಂಶಕ್ಕೂ ಕಾಯದೆ, ಎಚ್ಚರಿಕೆಯ ಸೂಚನೆ ಕಳುಹಿಸಿ.

ಅಳತೆಗಳ ಪಟ್ಟಿ, ಮೇಜಿನ ಪರೀಕ್ಷೆಯ ಚಿತ್ರಗಳು ಮತ್ತು ಖರೀದಿಯ ರಸೀದಿಯನ್ನು ಲಗತ್ತಿಸಿದ್ದೇನೆ. ರೆಗ್ಯುಲೇಟರನ್ನು ಎಲ್ಲಿಗೆ ಕಳುಹಿಸಬೇಕೆಂದು ತಿಳಿಸಿದ ದಿನವೇ ಕಳುಹಿಸುತ್ತೇನೆ.

ಇಂತಿ,
ನಿಮ್ಮ ಗ್ರಾಹಕ